ಏರು ಬಂದಾಗ ಗೇರು ಇಳಿಸಿ

ರೇಡಿಯೇಟರ್ ಇಲ್ಲದ, ಬರೀ ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ನುಗಳೇ ನಮ್ಮ ಹಳ್ಳಿಗಾಡಿನ ಓಡಾಟಕ್ಕೆ ಆಧಾರ. ಬಿರುಬೇಸಿಗೆಯಲ್ಲಿ ಲೋಡು ಹೊತ್ತು ಗುಡ್ಡ ಹತ್ತುವಾಗ ಅವುಗಳ ಒಳಗೆ ಏನು ನಡೆಯುತ್ತದೆ, ಓಡಿಸುವವರು ಏನು ಮಾಡಬೇಕು?

ಹನುಮಸಾಗರದಿಂದ ಗಜೇಂದ್ರಗಡದ ದಿಕ್ಕಿಗೆ ಹೊರಟವರಿಗೆ ಗುಡ್ಡಸಾಲು ದೂರದಿಂದಲೇ ಕಾಣುತ್ತದೆ. ಗಜೇಂದ್ರಗಡ ಹತ್ತಿರವಾದಂತೆ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳೂ ಕಣ್ಣಿಗೆ ಬೀಳುತ್ತವೆ. ಏಪ್ರಿಲ್ ಮಧ್ಯಾಹ್ನ ಈ ಸೀಮೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದು ಯಾರಿಗೂ ಹೊಸ ಸುದ್ದಿಯಲ್ಲ. ಆ ಹೊತ್ತಿನಲ್ಲಿ ಸಂತೆ ಮುಗಿಸಿಕೊಂಡು ಬರುವ ಟಂಟಂ, ಅಂದರೆ ಮೂರು ಚಕ್ರದ ಬಾಡಿಗೆ ಗಾಡಿ, ಏರು ಹತ್ತುವುದನ್ನು ಗಮನಿಸಿ. ಒಳಗೆ ಮಂದಿ ಕಿಕ್ಕಿರಿದಿದ್ದಾರೆ, ಮೇಲೆ ಚೀಲಗಳಿವೆ, ಹಿಂದೆ ಕಾಲು ಇಳಿಬಿಟ್ಟು ಇಬ್ಬರು ಕುಂತಿದ್ದಾರೆ. ಏರಿನ ಬುಡಕ್ಕೆ ಟಾಪ್ ಗೇರಿನಲ್ಲೇ ಬಂದ ಗಾಡಿ ಅರ್ಧ ಹತ್ತುವಷ್ಟರಲ್ಲಿ ಸದ್ದು ದಪ್ಪಗಾಗಿ, ಡಗ್ ಡಗ್ ಎಂದು ಎಣಿಸಬಹುದಾದಷ್ಟು ನಿಧಾನವಾಗುತ್ತದೆ. ಸೈಲೆನ್ಸರಿನಿಂದ ಕರಿಹೊಗೆ ಏಳುತ್ತದೆ. ಚಾಲಕ ರೇಸ್ ಪೂರ್ತಿ ಕೊಟ್ಟಿದ್ದಾನೆ, ಗೇರು ಮಾತ್ರ ಇಳಿಸಿಲ್ಲ. ಯಾಕಣ್ಣ ಎಂದು ಕೇಳಿದರೆ ಇಂಥ ಕಡೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಗೇರ್ ಇಳಿಸಿದ್ರ ಎಂಜಿನ್ ಚೀರತೈತ್ರಿ, ಡೀಸೆಲ್ಲೂ ಭಾಳ ಕುಡಿತೈತಿ.’

ಗಾಳಿಯಿಂದ ತಣಿಯುವ ಎಂಜಿನ್ನಿನ ಮಟ್ಟಿಗೆ ಇದಕ್ಕಿಂತ ದುಬಾರಿಯಾದ ನಂಬಿಕೆ ಮತ್ತೊಂದಿಲ್ಲ. ಸದ್ದು ಕಡಿಮೆಯಾದರೆ ಎಂಜಿನ್ನಿಗೆ ಆರಾಮ ಎಂದು ನಾವು ಅಂದುಕೊಳ್ಳುತ್ತೇವೆ. ಏರಿನಲ್ಲಿ ಆ ಗೊಣಗುವ ಸದ್ದಿನ ಹಿಂದೆಯೇ ಎಂಜಿನ್ ಅತಿ ಹೆಚ್ಚು ಕಾಯುತ್ತಿರುತ್ತದೆ.

ನೀರಿಲ್ಲದೆ ತಣಿಯುವ ಬಗೆ

ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲು, ಡೀಸೆಲ್ಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ದಕ್ಕುವುದು ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗ ಮಾತ್ರ. ಹೆಚ್ಚುಕಡಿಮೆ ಅಷ್ಟೇ ಪಾಲು ಸೈಲೆನ್ಸರಿನ ಮೂಲಕ ಬಿಸಿಹೊಗೆಯಾಗಿ ಹೋಗುತ್ತದೆ. ಉಳಿದದ್ದು ಸಿಲಿಂಡರಿನ ಗೋಡೆಗೆ, ಹೆಡ್ಡಿಗೆ, ಆಯಿಲ್‌ಗೆ ಇಳಿಯುತ್ತದೆ. ಈ ಕಾವನ್ನು ಪ್ರತಿ ಕ್ಷಣವೂ ಹೊರಗೆ ಸಾಗಿಸದಿದ್ದರೆ ಲೋಹ ತಡೆಯುವುದಿಲ್ಲ.

ಕಾರಿನಲ್ಲಿ ಆ ಕೆಲಸ ನೀರಿನದು. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗುವಷ್ಟರಲ್ಲಿ ಹೀರುವ ಕಾವು, ಒಂದು ಲೀಟರ್ ಗಾಳಿ ಹೀರುವುದಕ್ಕಿಂತ ಸುಮಾರು 3,500 ಪಟ್ಟು ಹೆಚ್ಚು. ನೀರಿಲ್ಲದ ಎಂಜಿನ್ ಆ ಕೊರತೆಯನ್ನು ಎರಡು ದಾರಿಯಲ್ಲಿ ತುಂಬಿಕೊಳ್ಳುತ್ತದೆ. ಬ್ಲಾಕು, ಹೆಡ್ಡಿನ ಸುತ್ತ ತೆಳ್ಳನೆಯ ಫಿನ್‌ಗಳನ್ನು ಮೂಡಿಸಿ ಗಾಳಿಗೆ ತಾಗುವ ಮೈಯನ್ನು ಹಲವು ಪಟ್ಟು ಹಿಗ್ಗಿಸಿಕೊಳ್ಳುವುದು ಒಂದು. ಆ ಫಿನ್‌ಗಳ ನಡುವೆ ಎಡೆಬಿಡದೆ ಗಾಳಿ ಹರಿಸುವುದು ಇನ್ನೊಂದು.

ಗಾಳಿ ಹರಿಸುವುದರಲ್ಲೂ ಎರಡು ಜಾತಿ. ಸ್ಪ್ಲೆಂಡರ್, ಟಿವಿಎಸ್, ಬುಲೆಟ್‌ನಂಥ ಗಾಡಿಗಳ ಎಂಜಿನ್ ಗಾಳಿಗೆ ಎದುರಾಗಿ ತೆರೆದಿರುತ್ತದೆ. ಗಾಡಿ ಓಡಿದರೆ ಗಾಳಿ, ನಿಂತರೆ ಇಲ್ಲ. ಆಟೊ, ಸ್ಕೂಟರ್, ಗಾಳಿತಂಪಿನ ಟಂಟಂಗಳಲ್ಲಿ ಎಂಜಿನ್ ಹಿಂದೆಯೋ ಸೀಟಿನ ಕೆಳಗೋ ಅಡಗಿರುವುದರಿಂದ ಅದಕ್ಕೊಂದು ಫ್ಯಾನ್ ಕೊಟ್ಟಿರುತ್ತಾರೆ. ಅನೇಕ ಗಾಡಿಗಳಲ್ಲಿ ಅದು ಫ್ಲೈವೀಲಿಗೇ ಅಂಟಿಕೊಂಡಿರುತ್ತದೆ. ಫ್ಯಾನ್ ಎಸೆದ ಗಾಳಿ ಪೋಲಾಗದೆ ಫಿನ್‌ಗಳ ನಡುವೆಯೇ ನುಗ್ಗುವಂತೆ ಸುತ್ತ ತಗಡಿನದೋ ಪ್ಲಾಸ್ಟಿಕ್‌ದೋ ಕವಚ ಇರುತ್ತದೆ. ಐಷರ್‌ನ ಕೆಂಪು ಟ್ರ್ಯಾಕ್ಟರುಗಳು ಹೆಸರು ಮಾಡಿದ್ದೂ ಇಂಥ ಗಾಳಿತಂಪಿನ ಎಂಜಿನ್ನಿನಿಂದಲೇ. 1959ರಲ್ಲಿ ಫರೀದಾಬಾದಿನಲ್ಲಿ ಆ ಕಂಪನಿಯ ಮೊದಲ ಟ್ರ್ಯಾಕ್ಟರ್ ಹೊರಬಂತು. ಕುಡಿಯುವ ನೀರಿಗೇ ಪರದಾಡುವ ಬಯಲುಸೀಮೆಯ ರೈತನಿಗೆ ರೇಡಿಯೇಟರಿಗೆ ನೀರು ಹುಡುಕುವ ತಾಪತ್ರಯ ಇಲ್ಲದಿರುವುದು ಸಣ್ಣ ಅನುಕೂಲವಲ್ಲ.

ಈ ಅನುಕೂಲಕ್ಕೆ ಒಂದು ಬೆಲೆಯಿದೆ. ನೀರಿನ ಎಂಜಿನ್ 90 ಡಿಗ್ರಿಯ ಆಸುಪಾಸಿನಲ್ಲಿ ಸ್ಥಿರವಾಗಿರುತ್ತದೆ. ಕಾದರೆ ಮೀಟರಿನ ಮುಳ್ಳು ಏರುತ್ತದೆ, ಹಬೆ ಬರುತ್ತದೆ, ಚಾಲಕ ಎಚ್ಚರಗೊಳ್ಳುತ್ತಾನೆ. ಗಾಳಿತಂಪಿನ ಎಂಜಿನ್ನಿನ ಹೆಡ್ಡು 150ರಿಂದ 200 ಡಿಗ್ರಿಯವರೆಗೆ ಕಾಯುವುದು ಮಾಮೂಲು. ಅದರಾಚೆಗೆ ಹೋದರೆ ಹೇಳಲು ನಮ್ಮ ಆಟೊ, ಬೈಕುಗಳ ಪೈಕಿ ಬಹುಪಾಲಿನಲ್ಲಿ ಮುಳ್ಳೂ ಇಲ್ಲ, ದೀಪವೂ ಇಲ್ಲ. ಅದನ್ನು ಅರಿಯಬೇಕಾದದ್ದು ಓಡಿಸುವವರ ಕಿವಿ, ಮೂಗು, ಕಾಲು.

ಏರಿನ ಲೆಕ್ಕ

ಗಾಡಿ, ಮಂದಿ, ಮೂಟೆ ಎಲ್ಲ ಸೇರಿ 800 ಕೆ.ಜಿ. ಎಂದಿಟ್ಟುಕೊಳ್ಳಿ. ಸಪಾಟು ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗಲು ಇದಕ್ಕೆ ಬೇಕಾಗುವುದು ಸುಮಾರು ಒಂದು ಅಶ್ವಶಕ್ತಿ. ಅದೇ ಗಾಡಿ ಅದೇ ವೇಗದಲ್ಲಿ, ನೂರು ಮೀಟರಿಗೆ ಎಂಟು ಮೀಟರ್ ಎತ್ತರವಾಗುವ ಏರನ್ನು ಹತ್ತಬೇಕಾದರೆ ಐದೂವರೆಯಿಂದ ಆರು ಅಶ್ವಶಕ್ತಿ ಬೇಕು. ಅಂದರೆ ಐದು ಪಟ್ಟಿಗೂ ಹೆಚ್ಚು. ಈ ಗಾತ್ರದ ಗಾಡಿಗಳ ಎಂಜಿನ್ನಿನ ಪೂರ್ಣ ಶಕ್ತಿಯೇ ಏಳರಿಂದ ಹತ್ತು ಅಶ್ವಶಕ್ತಿ. ಹಾಗಾಗಿ ಏರಿನಲ್ಲಿ ಎಂಜಿನ್ ತನ್ನ ಶಕ್ತಿಯ ಬಹುಪಾಲನ್ನು ಎಡೆಬಿಡದೆ ಸುರಿಯುತ್ತಿರುತ್ತದೆ. ಉರಿ ಹೆಚ್ಚಿದಷ್ಟೂ ಹೊರಹಾಕಬೇಕಾದ ಕಾವೂ ಹೆಚ್ಚುತ್ತದೆ.

ಇದರ ಮೇಲೆ ಬಿಸಿಲಿನ ಪಾಲು ಬೇರೆ. ಲೋಹದಿಂದ ಗಾಳಿಗೆ ಕಾವು ಹರಿಯುವುದು ಎರಡರ ನಡುವಿನ ಉಷ್ಣಾಂಶದ ಅಂತರಕ್ಕೆ ತಕ್ಕಂತೆ. ಫಿನ್ 180 ಡಿಗ್ರಿ ಇದ್ದು ಗಾಳಿ 25 ಡಿಗ್ರಿ ಇದ್ದರೆ ಅಂತರ 155. ಗಾಳಿಯೇ 42 ಡಿಗ್ರಿಯಾದರೆ ಅಂತರ 138ಕ್ಕೆ ಇಳಿಯುತ್ತದೆ. ಜೊತೆಗೆ ಬಿಸಿಗಾಳಿ ಹಿಗ್ಗಿ ತೆಳುವಾಗುವುದರಿಂದ, ಫ್ಯಾನ್ ಅಷ್ಟೇ ಸುತ್ತು ತಿರುಗಿದರೂ ಎಸೆಯುವ ಗಾಳಿಯ ತೂಕ ಶೇ 5ರಷ್ಟು ಕಡಿಮೆ. ಎರಡನ್ನೂ ಕೂಡಿಸಿದರೆ, ಚಳಿಗಾಲದ ಹಗಲಿಗಿಂತ ಬೇಸಿಗೆಯ ಮಧ್ಯಾಹ್ನ ಎಂಜಿನ್ ತಣಿಯುವ ಶಕ್ತಿ ಸುಮಾರು ಶೇ 15ರಷ್ಟು ಕುಗ್ಗಿರುತ್ತದೆ. ಜನವರಿಯಲ್ಲಿ ಸಲೀಸಾಗಿ ಹತ್ತಿದ ಏರು ಏಪ್ರಿಲ್‌ನಲ್ಲಿ ಕೈಕೊಡುವುದಕ್ಕೆ ಇದೇ ಕಾರಣ.

ಫ್ಯಾನಿಲ್ಲದ ಬೈಕಿಗೆ ಇನ್ನೊಂದು ಕಷ್ಟವಿದೆ. ಏರಿನಲ್ಲಿ ಬೆನ್ನಿಗೆ ಬೀಸುವ ಗಾಳಿ ಹಿತ ಎನಿಸುತ್ತದೆ. ಆದರೆ ಬೈಕು 20 ಕಿ.ಮೀ. ವೇಗದಲ್ಲಿ ಹತ್ತುತ್ತಿದ್ದು ಹಿಂಗಾಳಿಯೂ ಅಷ್ಟೇ ವೇಗದಲ್ಲಿದ್ದರೆ ಎಂಜಿನ್ನಿನ ಪಾಲಿಗೆ ಗಾಳಿಯೇ ಇಲ್ಲ. ಗಾಳಿಯಂತ್ರ ನೆಡುವಷ್ಟು ಗಾಳಿ ಬೀಸುವ ಗುಡ್ಡಗಳಲ್ಲಿ ಓಡಾಡುವವರು ಇದನ್ನು ನೆನಪಿಡಬೇಕು.

ಚೀರಿದರೆ ತಂಪು

ಈಗ ಗೇರಿನ ಮಾತಿಗೆ ಬರೋಣ. ಒಂದೇ ಏರನ್ನು ಒಂದೇ ವೇಗದಲ್ಲಿ ಎರಡು ರೀತಿ ಹತ್ತಬಹುದು. ಮೇಲಿನ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ, ಒಂದು ಗೇರು ಇಳಿಸಿದಾಗ ಅದು 3,000 ದಾಟಬಹುದು. ಚಕ್ರಕ್ಕೆ ಬೇಕಾದ ಶಕ್ತಿ ಎರಡರಲ್ಲೂ ಒಂದೇ. ಮೇಲಿನ ಗೇರಿನಲ್ಲಿ ಅದನ್ನು ಕಡಿಮೆ ಏಟುಗಳಲ್ಲಿ ಕೊಡಬೇಕಾದ್ದರಿಂದ ಪಿಸ್ಟನ್ನಿನ ಮೇಲಿನ ಪ್ರತಿ ಏಟೂ ಜೋರು, ಒತ್ತಡವೂ ಜೋರು. ಗೇರು ಇಳಿಸಿದರೆ ಏಟುಗಳು ಹೆಚ್ಚು, ಪ್ರತಿಯೊಂದೂ ಹಗುರ.

ಫ್ಯಾನ್ ಇರುವ ಗಾಡಿಗಳಲ್ಲಿ ಇದರ ಲಾಭ ಇಮ್ಮಡಿ. ಫ್ಯಾನ್ ತಿರುಗುವುದು ಎಂಜಿನ್ನಿನ ಜೊತೆಗೆ, ರಸ್ತೆಯ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಸುತ್ತು 2,000ದಿಂದ 3,000ಕ್ಕೆ ಏರಿದರೆ ಫಿನ್‌ಗಳ ನಡುವೆ ಹರಿಯುವ ಗಾಳಿ ಒಂದೂವರೆ ಪಟ್ಟಾಗುತ್ತದೆ. ಆಯಿಲ್ ಪಂಪೂ ವೇಗವಾಗಿ ತಿರುಗಿ ಹೆಚ್ಚು ಆಯಿಲ್ ಸುತ್ತಿಸುತ್ತದೆ. ನಮಗೆ ಚೀರಾಟವಾಗಿ ಕೇಳುವ ಸದ್ದಿನಲ್ಲಿ ಆ ಫ್ಯಾನಿನ ಗಾಳಿಯ ಸದ್ದೂ ಸೇರಿದೆ. ಇನ್ನು ಡೀಸೆಲ್ ಲೆಕ್ಕ. ಟಾಪ್ ಗೇರಿನಲ್ಲಿ ಏದುಸಿರು ಬಿಡುವಾಗ ಹೊರಬರುವ ಕರಿಹೊಗೆ ಎಂದರೆ ಪೂರ್ತಿ ಉರಿಯದೆ ಹೊರಗೆ ಹೋದ ಡೀಸೆಲ್. ಉಳಿಸಿದೆ ಎಂದುಕೊಂಡದ್ದು ಕಣ್ಣೆದುರೇ ಗಾಳಿಗೆ ಹೋಗುತ್ತಿರುತ್ತದೆ.

ಇಲ್ಲಿ ಹೊತ್ತಿಗೆ ಸರಿಯಾಗಿ ಮಾಡುವುದೇ ಮುಖ್ಯ. ಗಾಡಿ ಉಸಿರು ಕಟ್ಟಿ ನಿಲ್ಲುವ ಹಂತಕ್ಕೆ ಬಂದ ಮೇಲೆ ಗೇರು ಇಳಿಸಿದರೆ ಆ ಹೊತ್ತಿಗಾಗಲೇ ಹೆಡ್ಡು ಕಾದಿರುತ್ತದೆ, ವೇಗವೂ ಕೈತಪ್ಪಿರುತ್ತದೆ. ಏರಿನ ಬುಡದಲ್ಲೇ, ಎಂಜಿನ್ ಇನ್ನೂ ಹಗುರಾಗಿ ಓಡುತ್ತಿರುವಾಗ ಇಳಿಸಬೇಕು. ಇಳಿಸಿದ ಮೇಲೆ ರೇಸ್ ಪೂರ್ತಿ ಕೊಡದೆ ಮುಕ್ಕಾಲಿಗೆ ನಿಲ್ಲಿಸಬೇಕು. ಸ್ವಲ್ಪ ರೇಸ್ ಹೆಚ್ಚಿಸಿದರೆ ಎಂಜಿನ್ ತಟ್ಟನೆ ಚುರುಕಾಗುತ್ತಿದ್ದರೆ ಗೇರು ಸರಿಯಿದೆ ಎಂದರ್ಥ. ಎಷ್ಟು ಕೊಟ್ಟರೂ ಸದ್ದು ಬದಲಾಗದಿದ್ದರೆ ಇನ್ನೊಂದು ಗೇರು ಇಳಿಸಬೇಕು.

ಹಾಫ್ ಕ್ಲಚ್‌ನಲ್ಲಿ ಏರು ಹತ್ತಿಸುವ ರೂಢಿಯನ್ನಂತೂ ಬಿಡಲೇಬೇಕು. ನಮ್ಮ ಬೈಕುಗಳ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಅವು ಜಾರಿ ಉಜ್ಜಿದಾಗ ಹುಟ್ಟುವ ಬಿಸಿ ನೇರ ಆಯಿಲ್‌ಗೆ ಸೇರುತ್ತದೆ. ಪುಟ್ಟ ಬೈಕಿನಲ್ಲಿ ಇರುವುದೇ ಸುಮಾರು ಒಂದು ಲೀಟರ್ ಆಯಿಲ್. ಅದು ತೆಳುವಾದರೆ ಪಿಸ್ಟನ್ನಿಗೂ ಬೋರಿಗೂ ನಡುವೆ ಅಡ್ಡಿಯೇ ಉಳಿಯುವುದಿಲ್ಲ.

ಗೇರಿಲ್ಲದ ಸ್ಕೂಟರಿನಲ್ಲಿ ಈ ಆಯ್ಕೆ ಚಾಲಕರ ಕೈಯಲ್ಲಿಲ್ಲ. ಅಲ್ಲಿ ಮಾಡಬಹುದಾದದ್ದು ಲೋಡು ಕಡಿಮೆ ಮಾಡುವುದು, ರೇಸ್ ಹಿಡಿತದಲ್ಲಿಡುವುದು.

ಕೂದಲೆಳೆಯ ಅಂತರ

ಎಂಜಿನ್ ‘ಹಿಡ್ಕೊಂಡ್ತು’, ‘ಸೀಜ್ ಆತು’ ಎನ್ನುವ ಮಾತು ಗ್ಯಾರೇಜುಗಳಲ್ಲಿ ದಿನವೂ ಕೇಳುತ್ತದೆ. ಸ್ಪ್ಲೆಂಡರಿನ 97.2 ಸಿಸಿ ಎಂಜಿನ್ನಿನ ಪಿಸ್ಟನ್ ಸುಮಾರು 50 ಮಿ.ಮೀ. ಅಗಲದ ಅಲ್ಯೂಮಿನಿಯಂ ತುಂಡು. ಅದು ಓಡಾಡುವ ಬೋರಿನ ಒಳಮೈ ಎರಕದ ಕಬ್ಬಿಣ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನೂರು ಡಿಗ್ರಿ ಏರಿದರೆ ಇಷ್ಟು ಅಗಲದ ಅಲ್ಯೂಮಿನಿಯಂ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹಿಗ್ಗಿದರೆ, ಕಬ್ಬಿಣ ಅದರ ಅರ್ಧದಷ್ಟು. ಎರಡರ ವ್ಯತ್ಯಾಸ ಒಂದು ಕೂದಲೆಳೆಯ ದಪ್ಪ. ಪಿಸ್ಟನ್ನಿಗೂ ಬೋರಿಗೂ ಮಧ್ಯೆ ಬಿಟ್ಟಿರುವ ಸಂದೂ ಅಂಥದ್ದೇ ಅಳತೆಯದು. ಕಾವು ಮಿತಿ ಮೀರಿದಾಗ ಆ ಸಂದು ಮುಚ್ಚಿಹೋಗಿ, ಆಯಿಲ್ ಪೊರೆ ಹರಿದು, ಲೋಹ ಲೋಹವನ್ನು ಕಚ್ಚುತ್ತದೆ.

ಟೂ ಸ್ಟ್ರೋಕ್ ಗಾಡಿಗಳನ್ನು ಓಡಿಸಿದವರಿಗೆ ಇದರ ಇನ್ನೊಂದು ಮುಖ ಗೊತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿ ಬೈಕುಗಳನ್ನು ಇಂದಿಗೂ ಜೋಪಾನ ಮಾಡಿಕೊಂಡವರು ನಾಡಿನ ತುಂಬ ಇದ್ದಾರೆ. ಅವುಗಳ ಪಿಸ್ಟನ್ನಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಗೆ ಬೆರೆತು. ಉದ್ದನೆಯ ಏರನ್ನು ಪೂರ್ತಿ ರೇಸಿನಲ್ಲಿ ಹತ್ತಿ, ನೆತ್ತಿ ಮುಟ್ಟಿದ ಕೂಡಲೇ ರೇಸ್ ಪೂರ್ತಿ ಬಿಟ್ಟು ಇಳಿಜಾರಿಗೆ ಹಾಕಿದರೆ, ಎಂಜಿನ್ ಅತಿ ಬಿಸಿಯಾಗಿರುವ ಹೊತ್ತಿಗೇ ಆಯಿಲ್ ಕಡಿತವಾಗುತ್ತದೆ. ಹಿಂದಿನ ಚಕ್ರ ತಟ್ಟನೆ ಕಚ್ಚಿ ಹಿಡಿಯುವುದು ಹಾಗೆ. ಬಲ್ಲ ಸವಾರರು ಇಳಿಜಾರಿನಲ್ಲೂ ಆಗಾಗ ಒಂದಿಷ್ಟು ರೇಸ್ ಕೊಟ್ಟು ಆಯಿಲ್ ಕುಡಿಸುತ್ತಾರೆ, ಎಡಗೈ ಬೆರಳನ್ನು ಕ್ಲಚ್ ಮೇಲೆಯೇ ಇಟ್ಟಿರುತ್ತಾರೆ. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಈ ಭಯವಿಲ್ಲ. ಅದನ್ನು ಗೇರಿನಲ್ಲೇ ಇಳಿಜಾರಿಗೆ ಬಿಟ್ಟರೆ ಉರಿ ಕಡಿಮೆ, ಗಾಳಿ ಹೆಚ್ಚು, ಇಳಿಯುತ್ತಲೇ ತಣ್ಣಗಾಗುತ್ತದೆ. ನ್ಯೂಟ್ರಲ್ ಮಾಡಿ, ಎಂಜಿನ್ ಬಂದ್ ಮಾಡಿ ಇಳಿಯುವುದು ಬ್ರೇಕಿಗೂ ಅಪಾಯ, ಎಂಜಿನ್ನಿಗೂ ಲಾಭವಿಲ್ಲ.

ಹೊಟ್ಟು, ಮಣ್ಣು ಮತ್ತು ಮೈಲೇಜ್ ಆಸೆ

ಏರಿನಲ್ಲಿ ಕಾಯುವ ಅನೇಕ ಎಂಜಿನ್ನುಗಳ ರೋಗ ಶುರುವಾಗುವುದು ಹೊಲದಲ್ಲಿ, ಕಣದಲ್ಲಿ. ಸಜ್ಜೆ, ಜೋಳ, ಕಡಲೆಯ ರಾಶಿ ಮಾಡುವಾಗ ಹಾರುವ ಹೊಟ್ಟು, ಗಾಳಿತಂಪಿನ ಟ್ರ್ಯಾಕ್ಟರಿನ ಬ್ಲೋವರ್ (ಎಂಜಿನ್ ತಣಿಸುವ ಫ್ಯಾನ್) ಎಳೆದ ಗಾಳಿಯ ಜೊತೆ ಒಳಗೆ ಹೋಗಿ ಫಿನ್‌ಗಳ ನಡುವೆ ಕೂರುತ್ತದೆ. ಗ್ಯಾಸ್ಕೆಟ್‌ನಿಂದ ಒಂದಿಷ್ಟು ಆಯಿಲ್ ಒಸರಿದರೆ ಸಾಕು, ಹೊಟ್ಟು, ದೂಳು, ಆಯಿಲ್ ಮೂರೂ ಕಲಸಿ, ಎಂಜಿನ್ನಿನ ಬಿಸಿಗೆ ಬೆಂದು ಗಟ್ಟಿಯಾಗುತ್ತವೆ. ಕವಚದ ಒಳಗಿರುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಫ್ಯಾನ್ ತಿರುಗುತ್ತಲೇ ಇರುತ್ತದೆ, ಫಿನ್‌ಗೆ ಮಾತ್ರ ಗಾಳಿ ತಾಗುವುದಿಲ್ಲ. ರಾಶಿ ಮುಗಿದ ಮೇಲೆ ಕವಚ ಬಿಚ್ಚಿಸಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಬ್ರಷ್ಷಿನಿಂದ, ಗಾಳಿಯಿಂದ ಶುಚಿ ಮಾಡಿಸುವುದು ಒಂದು ಬೆಳಗಿನ ಕೆಲಸ. ಬ್ಲೋವರ್ ಬೆಲ್ಟು ಸಡಿಲವಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಆಗಲೇ ನೋಡಿಬಿಡಬೇಕು. ಆಟೊದಲ್ಲಿ ಕವಚ ಒಡೆದರೆ, ‘ನಡೀತೈತಿ ಬಿಡ್ರಿ’ ಎಂದು ತೆಗೆದು ಎಸೆಯುವವರಿದ್ದಾರೆ. ಕವಚ ಹೋದರೆ ಫ್ಯಾನಿನ ಗಾಳಿ ಎಲ್ಲೆಂದರಲ್ಲಿ ಚದುರುತ್ತದೆ. ಬೈಕಿಗೆ ಕಾಲಿನ ಮುಂದೆ ಅಗಲದ ತಗಡು ಕಟ್ಟುವುದು, ಎಂಜಿನ್ನಿಗೆ ಮರೆಯಾಗುವಂತೆ ಹಾಲಿನ ಕ್ಯಾನು, ಚೀಲ ತೂಗುಹಾಕುವುದು ಕೂಡ ಅದೇ ತಪ್ಪು.

ಇನ್ನೊಂದು ಮೈಲೇಜ್ ಆಸೆ. ಕಾರ್ಬ್ಯುರೇಟರ್ ಇರುವ ಗಾಡಿಗೆ ಸಣ್ಣ ಜೆಟ್ ಹಾಕಿಸಿ ಪೆಟ್ರೋಲು ಉಳಿಸಲು ನೋಡುವುದುಂಟು. ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದರೆ ಪೂರ್ತಿ ಲೋಡಿನಲ್ಲಿ ಎಂಜಿನ್ ಇನ್ನೂ ಹೆಚ್ಚು ಕಾಯುತ್ತದೆ. ಸಪಾಟಿನಲ್ಲಿ ಇದು ತಿಳಿಯದು, ಏರಿನಲ್ಲಿ ತಿಳಿಯುತ್ತದೆ. ಲೋಡಿನಲ್ಲಿ ಹೆಡ್ಡಿನಿಂದ ಕಟಕಟ ಎಂಬ ಲೋಹದ ಸದ್ದು ಬಂದರೆ ಉರಿ ಹದ ತಪ್ಪಿದೆ ಎಂದೇ ಅರ್ಥ. ತಕ್ಷಣ ರೇಸ್ ಇಳಿಸಿ, ಗೇರೂ ಇಳಿಸಬೇಕು.

ಕಾದ ಮೇಲೆ ಏನು ಮಾಡಬೇಕು

ಕಾವು ಮಿತಿ ಮೀರುವ ಮುನ್ನ ಎಂಜಿನ್ ಕೆಲವು ಸೂಚನೆ ಕೊಡುತ್ತದೆ. ಅದೇ ರೇಸಿಗೆ ಎಳೆತ ಕಡಿಮೆಯಾಗುತ್ತದೆ. ಸುಟ್ಟ ಆಯಿಲ್ ವಾಸನೆ ಮೂಗಿಗೆ ಬರುತ್ತದೆ. ಕಾಲಿಗೆ ಎಂದಿಗಿಂತ ಹೆಚ್ಚು ಧಗೆ ತಾಗುತ್ತದೆ. ಬಂದ್ ಮಾಡಿದರೂ ಹಳೆಯ ಪೆಟ್ರೋಲ್ ಎಂಜಿನ್ ಒಂದೆರಡು ಸುತ್ತು ತಾನೇ ತಿರುಗುವುದುಂಟು. ಇವುಗಳಲ್ಲಿ ಒಂದು ಕಂಡರೂ ಗಾಡಿಯನ್ನು ನೆರಳಿಗೆ, ಸಾಧ್ಯವಾದರೆ ಗಾಳಿಗೆ ಎದುರಾಗಿ ನಿಲ್ಲಿಸಬೇಕು.

ನಿಲ್ಲಿಸಿದ ಮೇಲೆ ಎರಡು ಜಾತಿಗೆ ಎರಡು ನೇಮ. ಫ್ಯಾನ್ ಇರುವ ಎಂಜಿನ್ನನ್ನು ಲೋಡಿಲ್ಲದೆ ಒಂದೆರಡು ನಿಮಿಷ ಓಡಲು ಬಿಟ್ಟು ಆಮೇಲೆ ಬಂದ್ ಮಾಡುವುದು ಒಳ್ಳೆಯದು. ಫ್ಯಾನೂ ಆಯಿಲೂ ಒಳಗಿನ ಕಾವನ್ನು ಹೊರಗೆ ಸಾಗಿಸುತ್ತವೆ. ಫ್ಯಾನಿಲ್ಲದ ಬೈಕು ನಿಂತಲ್ಲೇ ಓಡುತ್ತಿದ್ದರೆ ಕಾವು ಹೆಚ್ಚುತ್ತಲೇ ಹೋಗುವುದರಿಂದ ಅದನ್ನು ಕೂಡಲೇ ಬಂದ್ ಮಾಡಬೇಕು. ಎರಡಕ್ಕೂ ಸಲ್ಲದ ಕೆಲಸ ಒಂದಿದೆ. ಅದು ಬಾಟಲಿಯ ತಣ್ಣೀರನ್ನು ಹೆಡ್ಡಿನ ಮೇಲೆ ಸುರಿಯುವುದು. ಇನ್ನೂರು ಡಿಗ್ರಿಯ ಲೋಹದ ಒಂದು ಮಗ್ಗುಲು ಮಾತ್ರ ತಟ್ಟನೆ ಕುಗ್ಗಿದರೆ ಹೆಡ್ಡು ಸೊಟ್ಟಗಾಗಬಹುದು, ಫಿನ್ ಬಿರಿಯಬಹುದು, ಗ್ಯಾಸ್ಕೆಟ್ ಸೋರಬಹುದು. ಆ ನೀರನ್ನು ಪ್ರಯಾಣಿಕರಿಗೆ ಕೊಟ್ಟು, ಎಂಜಿನ್ನಿಗೆ ಅರ್ಧ ಗಂಟೆಯ ಪುರುಸೊತ್ತು ಕೊಡುವುದೇ ಸರಿ. ಎಂಜಿನ್ ತಣ್ಣಗಾದ ಮೇಲೆ ಆಯಿಲ್ ಮಟ್ಟ ನೋಡದೆ ಹೊರಡಬಾರದು.

ಜಗತ್ತು ಓಡಿಸಿದ ಪಾಠ

ಗಾಳಿತಂಪಿನ ಎಂಜಿನ್ ಕಾರುಗಳಲ್ಲೂ ದೊಡ್ಡ ಬಾಳು ಬಾಳಿದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಎರಡು ಕೋಟಿ 15 ಲಕ್ಷಕ್ಕೂ ಹೆಚ್ಚು ತಯಾರಾಗಿ, 2003ರ ಜುಲೈನಲ್ಲಿ ಮೆಕ್ಸಿಕೊದ ಪುಯೆಬ್ಲಾದಲ್ಲಿ ನಿಂತಿತು. ಪೋರ್ಷೆ 911 ಕಾರು 1998ರವರೆಗೆ ಗಾಳಿಯನ್ನೇ ನಂಬಿತ್ತು. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಬೀಟಲ್‌ನ ಸೈನಿಕ ರೂಪ ಓಡಿದ್ದು ಕುದಿಯಲು ಅದರಲ್ಲಿ ನೀರೇ ಇಲ್ಲದ ಕಾರಣಕ್ಕೆ. ಬೀಟಲ್‌ನಲ್ಲಿ ಕಾವಿನ ಮೀಟರ್ ಇರಲಿಲ್ಲ. ಆದರೆ ಡೈನಮೊ, ಫ್ಯಾನ್ ಎರಡೂ ಒಂದೇ ಬೆಲ್ಟಿನಲ್ಲಿ ತಿರುಗುತ್ತಿದ್ದುದರಿಂದ ಬೆಲ್ಟು ಹರಿದರೆ ಚಾರ್ಜಿಂಗ್‌ನ ಕೆಂಪು ದೀಪ ಹೊತ್ತುತ್ತಿತ್ತು. ದೀಪ ಕಂಡರೆ ಬ್ಯಾಟರಿ ಕೆಟ್ಟಿದೆ ಎಂದು ಉದಾಸೀನ ಮಾಡದೆ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು ಎಂಬುದು ಅದರ ಮಾಲೀಕರು ಕಲಿತ ಮೊದಲ ಪಾಠ. ಬೆಲ್ಟಿನ ಬ್ಲೋವರ್ ಇರುವ ನಮ್ಮ ಟ್ರ್ಯಾಕ್ಟರ್ ಚಾಲಕರಿಗೂ ಅದೇ ಎಚ್ಚರ ಬೇಕು.

ಹೊಗೆ, ಸದ್ದಿನ ನಿಯಮಗಳು ಬಿಗಿಯಾದಂತೆ ಕಾರುಗಳೆಲ್ಲ ನೀರಿನ ಕಡೆಗೆ ಹೊರಳಿದವು. ನಮ್ಮ ಹಳ್ಳಿಗಾಡಿನಲ್ಲಿ ಮಾತ್ರ ದುಡಿಯುವವರ ಗಾಡಿಗಳ ಪೈಕಿ ಬಹುಪಾಲು ಇನ್ನೂ ಗಾಳಿಯದೇ. ಆದರೂ ಚಾಲನಾ ತರಬೇತಿ ಎಂದರೆ ಎಂಟರ ಆಕಾರ ಸುತ್ತುವುದು, ರಸ್ತೆ ಚಿಹ್ನೆ ಗುರುತಿಸುವುದು ಎಂಬಲ್ಲಿಗೆ ಮುಗಿಯುತ್ತದೆ. ಏರಿನಲ್ಲಿ ಎಂಜಿನ್ನನ್ನು ಕಾಪಾಡುವುದು ಹೇಗೆ ಎಂದು ಕಲಿಸುವ ಪಾಠ ಅದರಲ್ಲಿ ಸೇರಲೇಬೇಕು. ಸಾಲ ಮಾಡಿ ಆಟೊ ಕೊಂಡವರಿಗೆ ಎಂಜಿನ್ ಒಮ್ಮೆ ಬೋರಿಗೆ ಬಂದರೆ ರಿಪೇರಿಯ ಖರ್ಚಿನ ಜೊತೆಗೆ ಅಷ್ಟು ದಿನದ ದುಡಿಮೆಯೂ ಹೋಗುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

ಪ್ರಯಾಣಿಕರಾದ ನಮ್ಮ ಪಾಲೂ ಇದರಲ್ಲಿದೆ. 800 ಕೆ.ಜಿ. ಗಾಡಿಯಿಂದ ಇಬ್ಬರು ಇಳಿದರೆ 120 ಕೆ.ಜಿ. ತೂಕ ಕಡಿಮೆ, ಅಂದರೆ ಶೇ 15. ಬೇಸಿಗೆಯ ಮಧ್ಯಾಹ್ನ ಎಂಜಿನ್ ಕಳೆದುಕೊಳ್ಳುವ ತಂಪೂ ಹೆಚ್ಚುಕಡಿಮೆ ಅಷ್ಟೇ. ಜಾತ್ರೆಗೆ, ಸಂತೆಗೆ ಬೆಳಗಿನ ತಂಪಿನಲ್ಲೇ ಹೊರಡೋಣ. ಬಿಸಿಲಲ್ಲೇ ಬರಬೇಕಾಗಿ ಬಂದು, ಏರಿನ ಬುಡದಲ್ಲಿ ಚಾಲಕ ‘ಇಬ್ಬರು ಇಳೀರಿ ಮಾಮಾ, ಮ್ಯಾಲ ಹತ್ತಿಸ್ಕೋತೀನಿ’ ಎಂದರೆ, ಗೊಣಗದೆ ಇಳಿದು ನಡೆಯೋಣ.